ವಾಪಿಯಿಂದ ಕೂಪಕ್ಕೆ

'ಬಾವಿ' ಎಂಬ ಮಾತು ನಮ್ಮ ನಾಲಿಗೆಗೆ ಎಷ್ಟು ಪಳಗಿದೆಯೆಂದರೆ ಅದರ ಹುಟ್ಟನ್ನು ನಾವು ಕೇಳಲು ಹೋಗುವದಿಲ್ಲ. ಸಂಸ್ಕೃತದ 'ವಾಪಿ'ಯೇ ಕನ್ನಡದ ಬಾಯಲ್ಲಿ 'ಬಾವಿ'ಯಾಯಿತು. ವಿಜಾಪುರದ 'ಬಾವಡಿ'ಯೂ ಅದೇ ಬಳಗದ ಮಾತು. ನಮ್ಮ ಹಿಂದಿನವರು ದಾನಧರ್ಮಗಳನ್ನು ಎಣಿಸುವಾಗ ವಾಪಿ, ಕೂಪ, ತಟಾಕ ಎಂದು ಮೂರನ್ನೂ ಬೇರೆ ಬೇರೆಯಾಗಿ ಹೇಳುತ್ತಿದ್ದರು. ತಟಾಕವೆಂದರೆ ಕೆರೆ. ಕೂಪವೆಂದರೆ ಮೇಲೆ ನಿಂತು ಹಗ್ಗದಿಂದ ಸೇದುವ ಬಾವಿ. ವಾಪಿಯೆಂದರೆ ಪಾವಟಿಗೆಗಳ ಮೇಲೆ ಇಳಿದು ಹೋಗಿ, ಕೊಡವನ್ನು ಕೈಯಾರೆ ಮುಳುಗಿಸಿ ತುಂಬಿಕೊಳ್ಳುವ ಬಾವಿ. ಒಂದರಲ್ಲಿ ಮನುಷ್ಯನ ಕಾಲು ನೀರಿಗೆ ತಾಗುವದಿಲ್ಲ, ಇನ್ನೊಂದರಲ್ಲಿ ತಾಗುತ್ತದೆ. ಭೇದವು ಇಷ್ಟೇ. ಆದರೆ ಓದುಗರೇ, ಈ ಸಣ್ಣ ಭೇದದಲ್ಲಿ ನಮ್ಮ ಬಿಜ್ಜರಗಿ ಸೀಮೆಯ ಎಷ್ಟೋ ತಲೆಮಾರುಗಳ ನೋವು ಅಡಗಿತ್ತು. ಇಂದು ಪೇಟೆಯ ಈಜುಕೊಳದಲ್ಲಿ ಮಿಂದು ಬಂದ ಮಗುವಿನ ಕಣ್ಣು ಕೆಂಪಾದಾಗಲೂ ನಾವು ಕೇಳಬೇಕಾದ ಪ್ರಶ್ನೆ ಅದೇ ಹಳೆಯ ಪ್ರಶ್ನೆಯಾಗಿದೆ.

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಪ್ರದೇಶಗಳನ್ನು ತೆಗೆದುಕೊಳ್ಳಿರಿ. ಇವುಗಳ ಒಡಲಿನಿಂದ ಈಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳು ಹುಟ್ಟಿವೆ. ನೆಲ ಮಾತ್ರ ಅದೇ. ಬಡಗಣ ಅಂಚಿನಲ್ಲಿ ಭೀಮೆ, ತೆಂಕಣ ಅಂಚಿನಲ್ಲಿ ಕೃಷ್ಣೆ. ನಡುವೆ ಕಪ್ಪು ಎರೆ, ಬಿಳಿಜೋಳದ ಬಯಲು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಅದೂ ನಂಬಿಕೆಯದಲ್ಲ. ನಡುವೆ ಹರಿಯುವ ಡೋಣಿ ಹೊಳೆಯ ದಂಡೆಯ ಎರೆ ಬಂಗಾರದಂಥದು. ಅದರ ನೀರು ಮಾತ್ರ ಸವುಳು. ಹೊಳೆಯು ಕಣ್ಣೆದುರು ಹರಿಯುತ್ತಿದ್ದರೂ ಕುಡಿಯಲು ಬಾರದ ಊರುಗಳು ಇಲ್ಲಿ ಇದ್ದವು. ಇಂಥಲ್ಲಿ ಸಿಹಿನೀರಿನ ಒಂದು ಸೆಲೆ ಸಿಕ್ಕಿತೆಂದರೆ ಅದನ್ನು ಕಲ್ಲಿನಿಂದ ಕಟ್ಟಿ, ಪಾವಟಿಗೆ ಇಳಿಸಿ, ದಂಡೆಗೊಂದು ಗುಡಿಯನ್ನೋ ಕಟ್ಟೆಯನ್ನೋ ನಿಲ್ಲಿಸುವದು ಪುಣ್ಯದ ಕೆಲಸವೆನಿಸಿದ್ದು ಸಹಜವೇ ಆಗಿದೆ.

ಪಾವಟಿಗೆಯ ಬಾವಿಯನ್ನು ಕಟ್ಟಿದವರು ತಿಳಿಗೇಡಿಗಳಲ್ಲ. ಬರಗಾಲದ ನಾಡಿನಲ್ಲಿ ನೀರಿನ ಮಟ್ಟ ಮಳೆಗಾಲದಲ್ಲಿ ಮೇಲಕ್ಕೂ ಬೇಸಿಗೆಯಲ್ಲಿ ಪಾತಾಳಕ್ಕೂ ಹೋಗುತ್ತದೆ. ಹಗ್ಗವಿಲ್ಲದ ಬಡವನೂ, ದಾರಿಹೋಕನೂ, ಎಳೆಯ ಹುಡುಗಿಯೂ ಎಲ್ಲ ಕಾಲಕ್ಕೂ ನೀರನ್ನು ಮುಟ್ಟಲಿ ಎಂಬ ದಯೆ ಆ ಪಾವಟಿಗೆಗಳಲ್ಲಿತ್ತು. ವಿಜಾಪುರದ ಚಾಂದ ಬಾವಡಿಯನ್ನು 1579ರಲ್ಲಿ ಒಂದನೆಯ ಅಲಿ ಆದಿಲಶಹನು ಕಟ್ಟಿಸಿ ಚಾಂದಬೀಬಿಯ ಹೆಸರಿಟ್ಟನು. 1620ರಲ್ಲಿ ಆದ ತಾಜ ಬಾವಡಿಯಂತೂ ಸುಮಾರು 223 ಅಡಿ ಚೌಕದ ಕೊಳ. ಅದರ ಆಳ 50 ಅಡಿಗೆ ಮಿಕ್ಕಿದ್ದು. ಇಷ್ಟಾಗಿಯೂ ಆ ಅರಸರು ತಮ್ಮ ಪಟ್ಟಣವನ್ನು ತೆರೆದ ಬಾವಡಿಗಳ ಮೇಲೆಯೇ ಬಿಡಲಿಲ್ಲ. ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಮಹಮ್ಮದ ಆದಿಲಶಹನು ಕಟ್ಟಿಸಿದ ಬೇಗಂ ತಲಾಬದಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯಿತು. ದಾರಿಯಲ್ಲಿ 'ಗಂಜ್' ಎಂಬ ಎತ್ತರದ ನೀರಗೋಪುರಗಳು; ಅಲ್ಲಿ ಒತ್ತಡ ತಗ್ಗುತ್ತಿತ್ತು, ಹೂಳು ತಳಕ್ಕೆ ಕೂಡುತ್ತಿತ್ತು. ಕಾಲು ಸೋಕದ ನೀರಿನ ಬೆಲೆ ಪಟ್ಟಣಕ್ಕೆ ಆಗಲೇ ಗೊತ್ತಿತ್ತು. ಹಳ್ಳಿಗೆ ಮಾತ್ರ ಆ ಭಾಗ್ಯ ಬರಲು ಮೂರು ಶತಮಾನಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

ಹಳ್ಳಿಯಲ್ಲಿ ಒಂದೇ ನೀರಿಗೆ ನೂರು ಕೆಲಸ. ಬೆಳಗಿನಲ್ಲಿ ಕುಡಿಯುವ ನೀರಿನ ಕೊಡಗಳು ಇಳಿಯುತ್ತಿದ್ದವು. ಬಿಸಿಲೇರಿದ ಮೇಲೆ ಅದೇ ಪಾವಟಿಗೆಯ ಮೇಲೆ ಅರಿವೆ ಒಗೆತ. ಹೊಲದಿಂದ ಬಂದವರು ಕೈಕಾಲು ತೊಳೆಯುವದು ಅಲ್ಲಿಯೇ. ಮಧ್ಯಾಹ್ನ ಹುಡುಗರ ಈಸಾಟ. ನಮ್ಮ ಕಡೆಯ ಹುಡುಗರಿಗೆ ಈಸು ಕಲಿಸಿದ ಕೊಳ ಈ ಬಾವಿಯೇ ಅಲ್ಲವೆ? ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಮೇಲಿನಿಂದ ದೂಡಿ, 'ಕೈ ಬಡಿ, ಕಾಲು ಬಡಿ' ಎಂದು ಕೂಗುವ ಸೋದರಮಾವನೇ ಅಲ್ಲಿಯ ಗುರು. 'ತೀರ್ಥ' ಎಂಬ ಮಾತಿಗೂ ಮೊದಲಿನ ಅರ್ಥ ನೀರಿಗೆ ಇಳಿಯುವ ಜಾಗವೆಂದೇ. ಒಂದೇ ಗುರುವಿನಲ್ಲಿ ಕಲಿತವರನ್ನು 'ಸತೀರ್ಥ'ರೆಂದು ಕರೆಯುವಾಗ, ಒಂದೇ ಪಾವಟಿಗೆಯಲ್ಲಿ ಇಳಿದವರು ಎಂಬ ಚಿತ್ರವೇ ಆ ಮಾತಿನ ಹಿಂದೆ ಇದೆ. ಇಳಿಯುವ ಜಾಗವು ಪವಿತ್ರವೆಂದು ತಿಳಿದ ಜನಕ್ಕೆ, ಇಳಿಯುವದರಿಂದಲೇ ಕೇಡು ಬರುತ್ತದೆಂದು ಹೇಗೆ ತೋರಬೇಕು?

ಆ ಕೇಡಿನ ಹೆಸರು ನಾರುಹುಣ್ಣು. ಹಿರಿಯರಿರುವ ಮನೆಯಲ್ಲಿ ಈ ಲೇಖನವನ್ನು ಓದುತ್ತಿದ್ದರೆ ಒಮ್ಮೆ ಅವರನ್ನು ಕೇಳಿ ನೋಡಿರಿ. ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತದೆ. ಉರಿಯೆಂದರೆ ಬೆಂಕಿಯ ಉರಿ. ಬೊಕ್ಕೆ ಒಡೆದರೆ ಬಿಳಿಯ ನೂಲಿನಂಥ ಹುಳುವಿನ ತುದಿ ಕಾಣುತ್ತದೆ. ಅದರ ಉದ್ದವು ಎರಡರಿಂದ ಮೂರು ಅಡಿ. ಜಗ್ಗಿದರೆ ಹರಿಯುತ್ತದೆ, ಹರಿದರೆ ಒಳಗೆ ಕೀವಾಗಿ ಕಾಲು ಕುಂಟಾಗುವ ಭಯ. ಆದುದರಿಂದ ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟು ಹೊರಗೆಳೆಯುತ್ತ, ವಾರಗಟ್ಟಲೆ ಹಾಸಿಗೆ ಹಿಡಿಯಬೇಕು. ಇದಕ್ಕೆ ಇಂದಿಗೂ ಔಷಧವಿಲ್ಲ, ಲಸಿಕೆಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದದ್ದು ಬೇಸಿಗೆಯಲ್ಲಿ. ಆಗ ಬಾವಿಯ ನೀರು ಕೆಳಗಿಳಿದು, ಕೊನೆಯ ಪಾವಟಿಗೆಯ ಆಚೆಗೂ ಜನ ಕಾಲಿಡಬೇಕಾಗುತ್ತಿತ್ತು. ಅದೇ ಕಾಲದಲ್ಲಿ ರೈತನು ಹೊಲ ಹಸನು ಮಾಡಿ ಮುಂಗಾರಿಗೆ ಅಣಿಯಾಗಬೇಕು. ಒಕ್ಕಲಿಗನ ಕಾಲು ಕೆಟ್ಟರೆ ಒಂದು ವರುಷದ ಕಾಳು ಕೆಟ್ಟಿತು. ಈ ರೋಗವು ಕೊಲ್ಲುವದು ಕಡಿಮೆ, ಬಡವಾಗಿಸುವದು ಹೆಚ್ಚು.

ರೋಗವೇನೋ ಬಹಳ ಹಳೆಯದು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ ಬರಹಗಾರ ಅಗಾಥಾರ್ಕಿಡಿಸನು ಕೆಂಪು ಸಮುದ್ರದ ದಂಡೆಯ ಜನರಿಗೆ ಕೈಕಾಲುಗಳಿಂದ ಸಣ್ಣ ಹಾವುಗಳಂಥವು ಹೊರಬೀಳುತ್ತಿದ್ದವೆಂದು ಬರೆದದ್ದು ಪ್ಲುಟಾರ್ಕನ ಮೂಲಕ ನಮಗೆ ತಿಳಿದಿದೆ. ಆದರೆ ಅದು ದೇಹದೊಳಗೆ ಹೊಕ್ಕುವ ಬಗೆ ಎರಡು ಸಾವಿರ ವರ್ಷ ಗುಟ್ಟಾಗಿಯೇ ಉಳಿಯಿತು. 1870ರ ಸುಮಾರಿಗೆ ಮಧ್ಯ ಏಶಿಯದ ತುರ್ಕಿಸ್ತಾನದಲ್ಲಿ ತಿರುಗಾಡುತ್ತಿದ್ದ ಅಲೆಕ್ಸೇಯ್ ಫೆಡ್ಚೆಂಕೋ ಎಂಬ ರಶಿಯನ್ ಪಂಡಿತನು ಈ ಗುಟ್ಟನ್ನು ಒಡೆದನು. ಬೊಕ್ಕೆಯ ಉರಿ ತಾಳದೆ ರೋಗಿಯು ಕಾಲನ್ನು ನೀರಲ್ಲಿ ಇಳಿಸುತ್ತಾನೆ. ತಂಪು ಸೋಕಿದೊಡನೆ ಹುಳುವು ಸಾವಿರಾರು ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಿರುಜೀವಿಯು ಆ ಮರಿಗಳನ್ನು ನುಂಗುತ್ತದೆ. ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಒಡ್ಡಿದರೆ ಕುಪ್ಪಳಿಸುವ ಬಿಳಿಯ ಚುಕ್ಕೆಯಂತೆ ಕಾಣುವದೇ ಈ ಸೈಕ್ಲಾಪ್ಸ್. ಎರಡು ವಾರಗಳಲ್ಲಿ ಮರಿಗಳು ಅದರೊಳಗೆ ಬಲಿಯುತ್ತವೆ. ಅದೇ ನೀರನ್ನು ಇನ್ನೊಬ್ಬನು ಕುಡಿದರೆ, ಸುಮಾರು ಒಂದು ವರ್ಷದ ಮೇಲೆ ಅವನ ಕಾಲಿನಲ್ಲಿ ಬೊಕ್ಕೆ ಏಳುತ್ತದೆ. ಎಂದರೆ, ಹೋದ ಬೇಸಿಗೆಯಲ್ಲಿ ಒಬ್ಬನು ಇಳಿಸಿದ ಕಾಲೇ ಈ ಬೇಸಿಗೆಯಲ್ಲಿ ಇನ್ನೊಬ್ಬನ ಹುಣ್ಣು. ಕಾರಣಕ್ಕೂ ಕಾರ್ಯಕ್ಕೂ ನಡುವೆ ವರ್ಷದ ಅಂತರವಿದ್ದರೆ ಅವೆರಡನ್ನೂ ಜೋಡಿಸಿ ನೋಡುವದು ಸಾಮಾನ್ಯರಿಗೆ ಆಗದ ಮಾತು. ಅಂತೆಯೇ ಜನ ಅದನ್ನು ದೈವದ ಮುನಿಸೆಂದೋ ಕರ್ಮಫಲವೆಂದೋ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ತುರ್ಕಿಸ್ತಾನದ ಬುಖಾರಾ ಪಟ್ಟಣದ ಚಿತ್ರವನ್ನು ನೋಡಿದರೆ ನಿಮಗೆ ವಿಜಾಪುರದ ನೆನಪು ಬಾರದೆ ಇರದು. ಅಲ್ಲಿಯೂ ಕಲ್ಲಿನ ಪಾವಟಿಗೆಗಳ ಕೊಳಗಳು. 'ಹೌಜ್' ಎಂದು ಅವುಗಳ ಹೆಸರು. ತೊಗಲಿನ ಚೀಲ ಹೊತ್ತ ನೀರಾಳುಗಳು ಅದರಲ್ಲಿಳಿದು ತುಂಬಿಕೊಂಡು ಮನೆಮನೆಗೆ ಹಂಚುತ್ತಿದ್ದರು. ಅದರೊಡನೆ ನಾರುಹುಣ್ಣನ್ನೂ ಹಂಚುತ್ತಿದ್ದರು. 1923ರಿಂದ ಇಸಾಯೆವ್ ಎಂಬ ವೈದ್ಯನ ಮುಂದಾಳುತನದಲ್ಲಿ ಅಲ್ಲಿಯ ಕೊಳಗಳನ್ನು ಬತ್ತಿಸಿ, ಪಟ್ಟಣಕ್ಕೆ ಕೊಳವೆಯ ನೀರು ತಂದರು. 1931ರ ಹೊತ್ತಿಗೆ ಬುಖಾರಾದ ನಾರುಹುಣ್ಣು ಇಲ್ಲವಾಯಿತು. ಅದಕ್ಕೆ ಹೊಸ ಔಷಧವೇನೂ ಬೇಕಾಗಲಿಲ್ಲ. ಕಾಲಿಗೂ ಕುಡಿಯುವ ನೀರಿಗೂ ಇದ್ದ ನಂಟು ಕಡಿದದ್ದೇ ಸಾಕಾಯಿತು.

ಅದೇ ಕಾಲದಲ್ಲಿ ನಮ್ಮ ಕನ್ನಡ ನಾಡಿನಲ್ಲಿಯೂ ಒಬ್ಬರು ಈ ಹುಳುವಿನ ಬೆನ್ನು ಹತ್ತಿದ್ದರೆಂಬುದನ್ನು ನಾವು ಮರೆಯಬಾರದು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು ಚಿತ್ರದುರ್ಗ ಜಿಲ್ಲೆಯ ಬಾವಿಗಳನ್ನು ಪರೀಕ್ಷಿಸಿ 1932ರಲ್ಲಿ ವರದಿ ಬರೆದರು. 1936ರಲ್ಲಿ ಅವರೂ ರಾಕ್‌ಫೆಲರ್ ಪ್ರತಿಷ್ಠಾನದ ಡಾ. ಸ್ವೀಟ್ ಅವರೂ ಸೇರಿ ಒಂದು ಚೆಲುವಾದ ಉಪಾಯವನ್ನು ಪ್ರಕಟಿಸಿದರು: ಪಾವಟಿಗೆಯ ಬಾವಿಯಲ್ಲಿ ನಮ್ಮ ನಾಡಿನ ಸಣ್ಣ ಮೀನುಗಳನ್ನು ಬಿಡುವದು. ಮೀನು ಸೈಕ್ಲಾಪ್ಸನ್ನು ತಿನ್ನುತ್ತದೆ; ನೀರಿಗೆ ವಾಸನೆಯಿಲ್ಲ, ರುಚಿಗೆಡುವದಿಲ್ಲ, ಖರ್ಚೂ ಇಲ್ಲ. ಊರ ಬಾವಿಯಲ್ಲಿ ಮೀನಿದ್ದರೆ ಶುಭವೆಂದು ಹಿರಿಯರು ಹಿಡಿಯಗೊಡದೆ ಇದ್ದುದರ ಒಳಗೂ ಇಂಥ ಅನುಭವದ ತಿಳಿವಳಿಕೆ ಇದ್ದಿರಬಹುದೆ ಎಂದು ಯೋಚಿಸುವಂತಾಗುತ್ತದೆ.

ಹೀಗಿದ್ದರೂ ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ವರೆಗೆ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ ನಾರುಹುಣ್ಣು ಕದಲಲಿಲ್ಲ. 1983-84ರಲ್ಲಿ ಭಾರತ ಸರಕಾರವು ಇದರ ನಿರ್ಮೂಲನಕ್ಕಾಗಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. 1984ರ ಎಣಿಕೆಯಲ್ಲಿ ದೇಶದ 7 ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ, ಹತ್ತಿರಹತ್ತಿರ 40 ಸಾವಿರ ರೋಗಿಗಳು ಸಿಕ್ಕರು. ಆಮೇಲೆ ನಡೆದ ಕೆಲಸದಲ್ಲಿ ನಾಲ್ಕು ದಾರಿಗಳಿದ್ದವು. ಮನೆಮನೆಗೆ ಹೋಗಿ ರೋಗಿಯನ್ನು ಹುಡುಕಿ, ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗೆ ಇಳಿಯದಂತೆ ನೋಡಿಕೊಳ್ಳುವದು ಮೊದಲನೆಯದು. ಕುಡಿಯುವ ನೀರನ್ನು ಒತ್ತು ನೇಯ್ಗೆಯ ಅರಿವೆಯಲ್ಲಿ ಸೋಸಲು ಕಲಿಸುವದು ಎರಡನೆಯದು. ಬಾವಿಗೆ ಟೆಮೆಫಾಸ್ ಎಂಬ ರಾಸಾಯನಿಕವನ್ನು ಹಾಕಿ ಸೈಕ್ಲಾಪ್ಸನ್ನು ಕೊಲ್ಲುವದು ಮೂರನೆಯದು. ಪಾವಟಿಗೆಯನ್ನು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿಯನ್ನಾಗಿಸುವದು, ಇಲ್ಲವೆ ಕೊಳವೆಬಾವಿಯನ್ನು ಕೊರೆದು ಕೈಪಂಪು ಕೂಡ್ರಿಸುವದು ನಾಲ್ಕನೆಯದು. ಪಂಡಿತರ ಮಾತಿನಲ್ಲಿ ಹೇಳುವದಾದರೆ ಈ ಕೊನೆಯದು ವಾಪಿಯನ್ನು ಕೂಪವಾಗಿಸುವ ಕೆಲಸ. ಉಳಿದ ಮೂರು ಅದು ಆಗುವ ವರೆಗಿನ ಕಾವಲು.

ಫಲ ದೊರೆಯಿತು. ಭಾರತದ ಕೊನೆಯ ನಾರುಹುಣ್ಣಿನ ರೋಗಿ ಕಂಡುಬಂದದ್ದು 1996ರ ಜುಲೈದಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷವಿದ್ದ ರೋಗಿಗಳ ಎಣಿಕೆ 2024ರಲ್ಲಿ 15ಕ್ಕೆ ಇಳಿದಿತ್ತು. ಯಾವ ದೊಡ್ಡ ಯಂತ್ರವೂ ಇಲ್ಲದೆ, ಅರಿವೆಯ ತುಂಡು ಮತ್ತು ಕಲ್ಲುಗಾರೆಗಳಿಂದ ಗೆದ್ದ ಯುದ್ಧವಿದು. ಆದರೂ ವಿಜಾಪುರದ ಕೋಟೆಕೊತ್ತಲಗಳ ಇತಿಹಾಸವನ್ನು ಬಾಯಿಪಾಠ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಗೆಲುವಿನ ಹೆಸರು ಕೂಡ ತಿಳಿಯದು.

ಇನ್ನು ಮದ್ದಿನ ಮಾತಿಗೆ ಬರೋಣ. 'ಬಾವಿಗೆ ಮದ್ದು ಹಾಕಿದರು, ನೀರು ನಾರುತ್ತದೆ' ಎಂದು ಮೂಗು ಮುರಿಯುವ ಹಳ್ಳಿಗನನ್ನು ಅಜ್ಞಾನಿಯೆಂದು ತಳ್ಳಿಬಿಡುವದು ಸುಲಭ. ಆದರೆ ಅವನ ಮೂಗು ಹೇಳುವದರಲ್ಲಿಯೂ ಒಂದು ನಿಜವಿದೆ. ಕಾಲರಾ, ವಿಷಮಶೀತಜ್ವರಗಳ ಕ್ರಿಮಿಗಳನ್ನು ಕೊಲ್ಲಲು ಒಂದು ಲೀಟರು ನೀರಿನಲ್ಲಿ ಅರ್ಧ ಮಿಲಿಗ್ರಾಮಿನಷ್ಟು ಕ್ಲೋರಿನ್ ಉಳಿದರೆ ಸಾಕು. ಅದು ನಾಲಿಗೆಗೆ ಅಷ್ಟಾಗಿ ತಿಳಿಯದು. ಸೈಕ್ಲಾಪ್ಸನ್ನು ಕೊಲ್ಲಬೇಕಾದರೆ ಅದರ ಹತ್ತು ಪಟ್ಟು, ಎಂದರೆ 5 ಮಿಲಿಗ್ರಾಂ ಬೇಕು. ಆ ನೀರಿಗೆ ವಾಸನೆಯೂ ಕೆಟ್ಟ ರುಚಿಯೂ ಬಂದೇ ಬರುತ್ತವೆ. ಅಂಥ ನೀರನ್ನು ಬಿಟ್ಟು ಜನ ಮದ್ದು ಕಾಣದ ಹಳ್ಳದ ನೀರಿಗೆ ಹೋದರೆ ಮದ್ದು ಹಾಕಿದ ಫಲವೇನು? ಅಂತೆಯೇ ಲೀಟರಿಗೆ 1 ಮಿಲಿಗ್ರಾಂ ಮಾತ್ರ ಸಾಕಾಗುವ ಟೆಮೆಫಾಸನ್ನು ಆರಿಸಿಕೊಂಡರು. ಮದ್ದಿಗೂ ವಿಷಕ್ಕೂ ಇರುವ ಅಂತರ ಅಳತೆಯದು ಎಂಬ ಆಯುರ್ವೇದದ ಹಳೆಯ ಅರಿವೇ ಇಲ್ಲಿಯೂ ಕೆಲಸಕ್ಕೆ ಬಂತು.

ಈ ಕ್ಲೋರಿನ್ನಿನ ಚರಿತ್ರೆಯಲ್ಲಿಯೇ ಆ ಅರಿವಿನ ದೃಷ್ಟಾಂತವಿದೆ. 1774ರಲ್ಲಿ ಸ್ವೀಡನ್ನಿನ ಷೀಲೆ ಎಂಬವನು ಈ ಹಸಿರು-ಹಳದಿ ಅನಿಲವನ್ನು ಕಂಡುಹಿಡಿದನು. 1799ರಲ್ಲಿ ಚಾರ್ಲ್ಸ್ ಟೆನೆಂಟನು ಅದನ್ನು ಸುಣ್ಣಕ್ಕೆ ಹೀರಿಸಿ ಬಟ್ಟೆ ಬಿಳಿದು ಮಾಡುವ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದನು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸನು ವೈದ್ಯರ ಕೈಯನ್ನು ಅದರ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ತಗ್ಗಿಸಿದನು. 1908ರಲ್ಲಿ ಅಮೆರಿಕದ ಜರ್ಸಿ ನಗರದ ಕುಡಿಯುವ ನೀರಿಗೆ ಅದು ನಿತ್ಯವೂ ಬೀಳತೊಡಗಿತು. ಇದಾದ ಏಳೇ ವರ್ಷಕ್ಕೆ, 1915ರ ಏಪ್ರಿಲದಲ್ಲಿ, ಬೆಲ್ಜಿಯಂದ ಈಪ್ರ್ ಎಂಬಲ್ಲಿ ಅದೇ ಕ್ಲೋರಿನ್ನನ್ನು ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಹರಿಬಿಟ್ಟಿತು. ಸಾವಿರಾರು ಜನರ ಪುಪ್ಪುಸಗಳು ಸುಟ್ಟವು. ವಸ್ತುವು ಒಂದೇ; ಅಳತೆ ಮತ್ತು ಉದ್ದೇಶಗಳು ಬೇರೆ.

ನಮ್ಮ ನಾಡಿನ ಬಾವಿಗಳಿಗೆ ಮೊದಲು ಬಿದ್ದದ್ದು ಬ್ಲೀಚಿಂಗ್ ಪುಡಿಯಲ್ಲ, ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟು. 1890ರ ದಶಕದಲ್ಲಿ ಆಗ್ರಾದ ಹ್ಯಾಂಕಿನ್ ಸಾಹೇಬನು ಕಾಲರಾ ಬಂದ ಊರಿನ ಬಾವಿಗಳಿಗೆ ಅದನ್ನು ಹಾಕಿಸುವ ರೂಢಿಯನ್ನು ತಂದನು. ಆಮೇಲೆ ಬ್ಲೀಚಿಂಗ್ ಪುಡಿಯು ಅದನ್ನು ಹಿಂದಕ್ಕೆ ಹಾಕಿತು. ನಿಮ್ಮ ಹಿತ್ತಲಿನ ಸೇದುವ ಬಾವಿಗೆ ಅದು ಎಷ್ಟು ಬೇಕೆಂಬುದು ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ನೀರಿನ ಲೀಟರುಗಳು ಸಿಗುತ್ತವೆ. 3 ಮೀಟರು ಅಗಲದ ಬಾವಿಯಲ್ಲಿ 4 ಮೀಟರು ನೀರಿದ್ದರೆ ಸುಮಾರು 28 ಸಾವಿರ ಲೀಟರಾಯಿತು. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಒಟ್ಟು 70 ಗ್ರಾಂ. ಅದನ್ನು ಬಕೀಟಿನ ನೀರಲ್ಲಿ ಕದಡಿ, ಸುಣ್ಣವು ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಕೊಡದಿಂದ ನೀರನ್ನು ಮೇಲೆ ಕೆಳಗೆ ಆಡಿಸಬೇಕು. ಒಂದು ತಾಸು ನೀರು ಸೇದಬಾರದು; ರಾತ್ರಿಯಲ್ಲಿ ಹಾಕಿ ಬೆಳಿಗ್ಗೆ ಸೇದಿದರೆ ಇನ್ನೂ ಒಳ್ಳೆಯದು. ಹೊಸ ಪುಡಿಯಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲದಲ್ಲಿ, ಬಿಸಿಲು ಗಾಳಿಯಲ್ಲಿ ಬಿದ್ದ ಪುಡಿಯಲ್ಲಿ ಉಳಿಯುವದು ಬರಿಯ ಸುಣ್ಣ. ಅದನ್ನು ಹಾಕಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು! ಇನ್ನೊಂದು ಎಚ್ಚರಿಕೆ: ಈ ಪುಡಿಯನ್ನು ಪಾಯಖಾನೆ ತೊಳೆಯುವ ಆಮ್ಲದೊಡನೆ ಎಂದಿಗೂ ಕೂಡಿಸಬೇಡಿರಿ, ಈಪ್ರಿನ ಅನಿಲವೇ ನಿಮ್ಮ ಮನೆಯ ಬಚ್ಚಲಲ್ಲಿ ಏಳುತ್ತದೆ.

ಇದು ಎಲ್ಲದಕ್ಕೂ ಮದ್ದಲ್ಲ. ಡೋಣಿಯ ಸವುಳು ಕ್ಲೋರಿನ್ನಿನಿಂದ ಸಿಹಿಯಾಗದು. ಆಳದ ಕೊಳವೆಬಾವಿಗಳ ನೀರಿನಲ್ಲಿ ಬರುವ ಫ್ಲೋರೈಡು ಅದರಿಂದ ಹೋಗದು. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಆಣೆಕಟ್ಟು ನಿಂತ ಮೇಲೆ ಕೃಷ್ಣೆಯ ನೀರು ಕೊಳವೆಗಳಲ್ಲಿ ಈ ಸೀಮೆಯ ಅನೇಕ ಊರುಗಳಿಗೆ ಬಂದಿದೆ. ದೊಡ್ಡ ಉತ್ತರವು ಅಲ್ಲಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯುವದು ನ್ಯಾಯವಲ್ಲ. ನೀರನ್ನು ಶುದ್ಧವಾಗಿಡಬೇಕೆಂಬ ವಿಚಾರವು ನಮ್ಮಲ್ಲಿ ಹೊಸದೇನೂ ಅಲ್ಲ. ನೀರಿನಲ್ಲಿ ಮೂತ್ರ ಮಾಡಬಾರದು, ಉಗುಳಬಾರದು ಎಂದು ಧರ್ಮಶಾಸ್ತ್ರಗಳೇ ವಿಧಿಸಿವೆ. ಆದರೆ ಆ ವಿಧಿಯನ್ನು ಗಾಳಿಗೆ ತೂರಿದ ಸಮಾಜವು 'ಮಡಿ'ಯ ಹೆಸರಿನಲ್ಲಿ ಇನ್ನೊಂದನ್ನು ಬಿಗಿಯಾಗಿ ಹಿಡಿಯಿತು: ಮನುಷ್ಯರಲ್ಲಿಯೇ ಕೆಲವರನ್ನು ಬಾವಿಯ ಪಾವಟಿಗೆಯಿಂದ ದೂರವಿರಿಸಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ಡಾ. ಅಂಬೇಡ್ಕರರು ಬೊಗಸೆ ನೀರು ಕುಡಿದದ್ದು ಈ ಅನ್ಯಾಯದ ವಿರುದ್ಧ. ಮೇಲ್ಜಾತಿಯವನ ಕಾಲಿನ ಹುಳುವನ್ನು ಮಡಿಯು ತಡೆಯಲಿಲ್ಲ. ಕೆಳಜಾತಿಯೆನಿಸಿಕೊಂಡವನ ಬಾಯಾರಿಕೆಯನ್ನು ಮಾತ್ರ ತಡೆಯಿತು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಈ ವಿಪರ್ಯಾಸವನ್ನು ನಾವು ಹೆಚ್ಚು ಚೆನ್ನಾಗಿ ಅರಿಯಬೇಕು. ನೀರಿನ ನೈರ್ಮಲ್ಯಕ್ಕೆ ಬೇಕಾದದ್ದು ಯಾರ ಕಾಲು ಎಂಬ ವಿಚಾರಣೆಯಲ್ಲ. ಯಾರ ಕಾಲೂ ಕುಡಿಯುವ ನೀರಿಗೆ ತಾಗದಂಥ ಏರ್ಪಾಡು.

ಈಗ ಕಾಲಚಕ್ರವು ಒಂದು ಸುತ್ತು ತಿರುಗಿದೆ. ಪಾವಟಿಗೆಯ ಬಾವಿಗಳನ್ನು ಮುಚ್ಚಿದ ಮೇಲೆ ಪಟ್ಟಣಗಳಲ್ಲಿ ನೀಲಿ ಹೆಂಚಿನ ಈಜುಕೊಳಗಳು ಎದ್ದಿವೆ. ಕೆಲವು ಹೊಟೇಲುಗಳಲ್ಲಿ ಬಿಸಿನೀರಿನ ಗುಳ್ಳೆ ಎಬ್ಬಿಸುವ ತೊಟ್ಟಿಗಳೂ ಬಂದಿವೆ. ಇವೇನು? ಹೊಸ ವೇಷದ ವಾಪಿಗಳೇ. ಇಲ್ಲಿಯ ನೀರನ್ನು ಯಾರೂ ಬೇಕೆಂದು ಕುಡಿಯುವದಿಲ್ಲ ನಿಜ. ಆದರೆ ನೂರು ಮೈಗಳು ಒಂದೇ ನೀರಲ್ಲಿ ಇಳಿಯುತ್ತವೆ. ಅದಕ್ಕೆಂದೇ ಅಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಸದಾ ಇರುವಂತೆ ನೋಡಿಕೊಳ್ಳುತ್ತಾರೆ. ಈಸಿ ಬಂದ ಮಕ್ಕಳ ಕಣ್ಣು ಉರಿಯುತ್ತದೆ, ಮೈ ತುರಿಸುತ್ತದೆ, ಕೆಲವರಿಗೆ ಕೆಮ್ಮು ಹತ್ತುತ್ತದೆ. 'ಕ್ಲೋರಿನ್ ಹೆಚ್ಚು ಹಾಕಿದ್ದಾರೆ, ಘಾಟು ನೋಡಿರಿ' ಎಂದು ತಾಯಿ ತಂದೆಗಳು ದೂರುತ್ತಾರೆ.

ಓದುಗರೇ, ಇಲ್ಲಿಯೇ ಒಂದು ಸೋಜಿಗವಿದೆ. ಒಳ್ಳೆಯ ಕೊಳದ ನೀರಿನಲ್ಲಿರುವ ಕ್ಲೋರಿನ್ನಿಗೆ ಅಂಥ ಘಾಟಿಲ್ಲ. ಬೆವರು ಮತ್ತು ಮೂತ್ರಗಳಲ್ಲಿರುವ ಯೂರಿಯ, ಅಮೋನಿಯಗಳೊಡನೆ ಕ್ಲೋರಿನ್ ಕೂಡಿದಾಗ ಕ್ಲೋರಮೈನುಗಳೆಂಬ ಹೊಸ ವಸ್ತುಗಳು ಹುಟ್ಟುತ್ತವೆ. ಘಾಟೂ ಉರಿಯೂ ಹೆಚ್ಚಾಗಿ ಅವುಗಳದು. ಎಂದರೆ ಮೂಗಿಗೆ ಬಡಿಯುವದು ಮದ್ದಿನ ಹೆಚ್ಚಳವಲ್ಲ, ಕೊಳೆಯ ಹೆಚ್ಚಳ. ಕೊಳೆಯನ್ನು ತಿನ್ನುತ್ತ ತಿನ್ನುತ್ತ ಮದ್ದು ತಾನೇ ಖರ್ಚಾಗಿ, ಕ್ರಿಮಿಯನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಘಾಟಿರುವ ಕೊಳವೇ ಹಲವು ಸಲ ಕಾವಲು ಕಡಿಮೆಯಾದ ಕೊಳ!

ಹಾಗೆಂದು ಬಾಧೆಪಟ್ಟವರ ದೂರು ಸುಳ್ಳಲ್ಲ. ದಮ್ಮು ಉಳ್ಳವರಿಗೆ, ಇಸಬು ಇರುವ ಎಳೆಯ ತೊಗಲಿಗೆ, ಗಾಳಿಯಾಡದ ಮುಚ್ಚಿದ ಕೊಳದಲ್ಲಿ ದಿನವೂ ತಾಸುಗಟ್ಟಲೆ ಈಸುವವರಿಗೆ ಈ ವಸ್ತುಗಳು ನಿಜವಾಗಿ ತೊಂದರೆ ಕೊಡುತ್ತವೆ. ನೀರಿನ ಆಮ್ಲ-ಕ್ಷಾರದ ತೂಕವೂ ಸರಿಯಿರಬೇಕು. ಪಿಎಚ್ ಎಂಬ ಆ ಅಳತೆ 7.2ರಿಂದ 7.8ರ ನಡುವೆ ಇದ್ದರೆ ಕಣ್ಣಿಗೂ ಹಿತ, ಕ್ಲೋರಿನ್ನಿಗೂ ಬಲ. ಬಿಸಿನೀರಿನ ತೊಟ್ಟಿಯಲ್ಲಂತೂ ಎಚ್ಚರವು ಇಮ್ಮಡಿ ಬೇಕು. ಬಿಸಿಯಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ನಾಲ್ಕೇ ಜನರ ಬೆವರು ಸ್ವಲ್ಪ ನೀರನ್ನು ಬೇಗ ಕೆಡಿಸುತ್ತದೆ, ಗುಳ್ಳೆಗಳು ನೀರಿನ ಕಣವನ್ನು ಉಸಿರಿಗೆ ಒಯ್ಯುತ್ತವೆ. 1999ರಲ್ಲಿ ಹಾಲಂಡಿನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿಯ ಹೂವಿನ ಪ್ರದರ್ಶನದಲ್ಲಿ ತೋರಿಕೆಗೆಂದು ಇಟ್ಟ ಇಂಥ ಒಂದು ತೊಟ್ಟಿಯಿಂದ ಲೆಜಿಯೊನೆಲ್ಲ ಎಂಬ ಕ್ರಿಮಿಯು ಗಾಳಿಗೇರಿತು. ಅದರಲ್ಲಿ ಮಿಂದವರಿಗಲ್ಲ, ಪಕ್ಕದಲ್ಲಿ ನಡೆದುಹೋದವರಿಗೆ ನ್ಯುಮೋನಿಯ ತಗಲಿ, ಮೂವತ್ತರ ಸುಮಾರು ಜನ ಸತ್ತರು. ಮದ್ದನ್ನು ಬಿಟ್ಟುಬಿಡುವದು ಮದ್ದಿನ ಬಾಧೆಗೆ ಉತ್ತರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಉತ್ತರವೇನು? ಬುಖಾರಾದಲ್ಲಿ, ಚಿತ್ರದುರ್ಗದಲ್ಲಿ, ನಮ್ಮ ಎರೆಯ ಸೀಮೆಯಲ್ಲಿ ದೊರೆತ ಉತ್ತರವೇ ಇಲ್ಲಿಯೂ ಸಲ್ಲುತ್ತದೆ. ಮೊದಲು ಕೊಳೆಯನ್ನು ನೀರಿನಿಂದ ದೂರವಿರಿಸಿರಿ. ಆಮೇಲೆ ಉಳಿದಷ್ಟಕ್ಕೆ ಅಳತೆಯ ಮದ್ದು ಹಾಕಿರಿ. ಕೊಳಕ್ಕೆ ಇಳಿಯುವ ಮುಂಚೆ ಮಗುವಿಗೆ ಮೂತ್ರ ಮಾಡಿಸಿ, ಸಾಬೂನು ಹಚ್ಚಿ ಒಂದು ಜಳಕ ಮಾಡಿಸಿರಿ. ಮೇಲೆ ಬಂದೊಡನೆ ಸಿಹಿನೀರು ಸುರಿದು ತೊಗಲಿಗೆ ಕೊಂಚ ಕೊಬ್ಬರಿ ಎಣ್ಣೆ ಸವರಿರಿ. ಹೊಟ್ಟೆ ಕೆಟ್ಟಿರುವಾಗ, ಮೈಮೇಲೆ ಹಸಿ ಹುಣ್ಣು ಇರುವಾಗ ಯಾರೂ ನೀರಿಗಿಳಿಯಬಾರದು. ಕೊಳ ನಡೆಯಿಸುವವರನ್ನು ಇಂದಿನ ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು ಎಂದು ಕೇಳಿರಿ. ಅದನ್ನು ಬರೆದು ತೂಗಹಾಕದ ಕೊಳಕ್ಕೆ ಮಕ್ಕಳನ್ನು ಕಳುಹಬೇಡಿರಿ. ಕೇಳುವದರಲ್ಲಿ ಸಂಕೋಚವಿರಬಾರದು.

ಹಳೆಯ ಬಾವಡಿಗಳಲ್ಲಿ ಈಚೆಗೆ ಹೂಳೆತ್ತುವ ಕೆಲಸ ನಡೆದಿದೆ; ಇದು ಸಂತೋಷದ ಸಂಗತಿ. ಅವುಗಳ ಪಾವಟಿಗೆಗಳನ್ನು ತೊಳೆದು ಕಾಪಾಡೋಣ. ಮಕ್ಕಳನ್ನು ಕರೆದೊಯ್ದು, ಹಿರಿಯರು ಬಾಯಾರಿದವನಿಗಾಗಿ ನೆಲದೊಳಕ್ಕೆ ದಾರಿ ಕೊರೆದ ಬಗೆಯನ್ನು ತೋರಿಸೋಣ. ಅದರೊಡನೆ, ಆ ದಾರಿಯಲ್ಲಿಯೇ ಒಳಬಂದ ನೋವನ್ನೂ, ಅದನ್ನು ಕಳೆದ ಹೆಸರಿಲ್ಲದ ಆರೋಗ್ಯ ಸಹಾಯಕರ ದುಡಿಮೆಯನ್ನೂ ಹೇಳೋಣ. ಈಸುವ ನೀರು ಬೇರೆ ಇರಲಿ, ಕುಡಿಯುವ ನೀರು ಬೇರೆ ಇರಲಿ. ವಾಪಿಗೆ ಇಳಿಯುವವನು ಮೊದಲು ಮೈ ತೊಳೆದುಕೊಂಡು ಇಳಿಯಲಿ. ಕೂಪದ ಬಾಯಿ ಎಂದಿಗೂ ಮುಚ್ಚಿಯೇ ಇರಲಿ.